ಪ್ರಣತಿಯ ಸರ್ಟಿಫಿಕೇಟೂ ನನ್ನ ಗಂಟಲೂ

ಮಕ್ಕಳು ಜಾಣರಾಗಿರುವುದಕ್ಕೆ ನನ್ನದೇನೂ ತಕರಾರಿಲ್ಲ. ಜೀವಮಾನವೆಲ್ಲ ಸರ್ಕಾರಿ ಶಾಲೆಯಲ್ಲಿ ಪಾಠ ಮಾಡಿದವಳು ನಾನು. ಜಾಣರನ್ನು ಕಂಡಿದ್ದೇನೆ, ಜಾಣರಲ್ಲದವರನ್ನು ಕಂಡಿದ್ದೇನೆ, ಜಾಣರಲ್ಲದಿದ್ದರೂ ಅಪ್ಪ ಅಮ್ಮಂದಿರಿಂದ ಜಾಣರೆನ್ನಿಸಿಕೊಂಡವರನ್ನು ಎಲ್ಲರಿಗಿಂತ ಹೆಚ್ಚಾಗಿ ಕಂಡಿದ್ದೇನೆ. ನಮ್ಮ ಕಾಲದಲ್ಲೂ ಬಾಲಪ್ರತಿಭೆಗಳಿದ್ದವು. ಮನೆಗೆ ನೆಂಟರು ಬಂದಾಗ ಹುಡುಗಿಯನ್ನು ನಡುಮನೆಯಲ್ಲಿ ನಿಲ್ಲಿಸಿ ಹದಿನೇಳರ ಮಗ್ಗಿ ಒಪ್ಪಿಸು ಅನ್ನುತ್ತಿದ್ದರು. ಅವಳು ಸೂರು ನೋಡುತ್ತ, ಲಂಗದ ತುದಿ ತಿರುಚುತ್ತ ಒಪ್ಪಿಸುತ್ತಿದ್ದಳು. ನೆಂಟರು 'ಭೇಷ್' ಎಂದು ಕೈಗೊಂದು ಕೊಬ್ಬರಿಮಿಠಾಯಿ ಇಟ್ಟರೆ ಪ್ರತಿಭೆಯ ವ್ಯವಹಾರ ಅಲ್ಲಿಗೆ ಮುಗಿಯಿತು, ಅವಳು ಕುಂಟೆಬಿಲ್ಲೆ ಆಡಲು ಓಡಿದಳು. ಈಗ ಹಾಗಲ್ಲ. ಈಗ ಪ್ರತಿಭೆಗೆ ಸರ್ಟಿಫಿಕೇಟು ಬೇಕು, ಸರ್ಟಿಫಿಕೇಟಿಗೆ ಪರೀಕ್ಷೆ ಬೇಕು, ಪರೀಕ್ಷೆಗೆ ಸದ್ದಿಲ್ಲದ ಕೋಣೆ ಬೇಕು, ಆ ಕೋಣೆ ನನ್ನ ಮನೆಯದೇ ಆಗಬೇಕು. ನನ್ನ ತಕರಾರು ಇರುವುದು ಇಲ್ಲಿ.

ಪ್ರಣತಿ ನಮ್ಮ ಎದುರು ಮನೆಯ ನಾಗರಾಜ, ಸವಿತಾ ದಂಪತಿಗಳ ಮಗಳು. ವಯಸ್ಸು ಹತ್ತು, ಐದನೇ ಕ್ಲಾಸು. ದವಡೆಯ ಹಾಲುಹಲ್ಲುಗಳು ಇನ್ನೂ ಒಂದೊಂದಾಗಿ ಬೀಳುತ್ತಿವೆ. ನಾಗರಾಜನಿಗೆ ಮಗ್ಗಗಳಿವೆ. ಸೀರೆಯ ಅಂಚಿನ ಡಿಸೈನು ನೋಡಲೆಂದು ಒಂದು ಕಂಪ್ಯೂಟರ್ ತಂದಿಟ್ಟಿದ್ದ. ಅವನಿಗೆ ಅದರಲ್ಲಿ ಆನ್ ಮಾಡುವುದು ಗೊತ್ತಿತ್ತು, ಆಫ್ ಮಾಡಲು ಮಗಳನ್ನು ಕರೆಯುತ್ತಿದ್ದ. ಹೀಗೆ ಆಫ್ ಮಾಡಲು ಹೋದ ಹುಡುಗಿ ಅದರ ಮುಂದೆಯೇ ಕೂತುಬಿಟ್ಟಳು. ಬಸ್ ಸ್ಟ್ಯಾಂಡಿನ ಹಿಂದೆ ಕಂಪ್ಯೂಟರ್ ಸೆಂಟರ್ ನಡೆಸುವ ಕಿರಣ್ ಎಂಬ ಹುಡುಗ ಇವಳ ಕೈಚಳಕ ನೋಡಿ, "ಅಣ್ಣಾ, ಇದನ್ನ ಸುಮ್ನೆ ಬಿಡ್ಬಾರ್ದು" ಅಂದನಂತೆ. ಸುಮ್ಮನೆ ಬಿಡಲೇ ಇಲ್ಲ. ಎಂಟನೇ ವಯಸ್ಸಿಗೆ ಸ್ಪ್ರೆಡ್‌ಶೀಟಿನಲ್ಲಿ ಒಂದು ಸರ್ಟಿಫಿಕೇಟು, ಒಂಬತ್ತಕ್ಕೆ ಡೇಟಾಬೇಸಿನಲ್ಲಿ ಇನ್ನೊಂದು. ಬಿ.ಇ. ಮುಗಿಸಿದವರು ಕೆಲಸ ಸಿಗಲಿ ಎಂದು ಹಣೆ ಬೆವರಿಸಿ ಬರೆಯುವ ಪರೀಕ್ಷೆಗಳಂತೆ ಅವು.

ಎರಡನೆಯದು ಬಂದಾಗ ಸರ್ಕಲ್ಲಿನಲ್ಲಿ ಫ್ಲೆಕ್ಸ್ ಹಾಕಿಸಿದರು. ಹುಟ್ಟುಹಬ್ಬದ ಮುಖಂಡರಿಬ್ಬರ ನಡುವೆ ಕಪ್ಪು ಗೌನು, ತಲೆಗೆ ಚೌಕದ ಟೋಪಿ ಹಾಕಿಕೊಂಡ ಪ್ರಣತಿ. ಮುಖದಲ್ಲಿ ನಗುವಿಲ್ಲ, ಯಾರೋ ಗದರಿ ನಿಲ್ಲಿಸಿದ ಹಾಗೆ. ಮಳೆಗಾಲ ಬಂದ ಮೇಲೆ ನಾಗರಾಜ ಆ ಫ್ಲೆಕ್ಸನ್ನು ಬಿಚ್ಚಿ ತಂದು ಹಿತ್ತಲ ಸೌದೆಯ ಮೇಲೆ ತಲೆಕೆಳಗಾಗಿ ಹೊದಿಸಿದ. ಸನ್ಮಾನವೂ ಆಯಿತು. ಮೈಸೂರು ಪೇಟ ತೊಡಿಸಿದರು, ಅದು ಮೂಗಿನವರೆಗೆ ಇಳಿಯಿತು. ಹಣ್ಣಿನ ಬುಟ್ಟಿ ಕೊಟ್ಟರು, ಬುಟ್ಟಿಯ ಹಿಂದೆ ಹುಡುಗಿಯೇ ಕಾಣಿಸಲಿಲ್ಲ. ಭಾಷಣಕಾರರು ಒಬ್ಬರಾದ ಮೇಲೊಬ್ಬರು ದೇಶದ ಭವಿಷ್ಯದ ಬಗ್ಗೆ ಮಾತಾಡುವಷ್ಟರಲ್ಲಿ ದೇಶದ ಭವಿಷ್ಯ ವೇದಿಕೆಯ ಕುರ್ಚಿಯಲ್ಲೇ ನಿದ್ದೆ ಹೋಗಿತ್ತು. ನಾನು ಮುಂದಿನ ಸಾಲಿನಲ್ಲಿ ಕೂತು ಹಲ್ಲು ಕಡಿಯುತ್ತಿದ್ದೆ.

ನನ್ನ ಸಿಟ್ಟಿನಲ್ಲಿ ನ್ಯಾಯವಿದೆಯೋ ಇಲ್ಲವೋ ನೀವೇ ಹೇಳಿ. ಹತ್ತು ವರ್ಷದ ಮಗುವನ್ನು ಮೂಲೆಯಂಗಡಿಗೆ ಕಳಿಸಬೇಕಾದರೆ ರಸ್ತೆ ದಾಟುವಾಗ ಜೋಪಾನ ಎಂದು ಇಡೀ ಬೀದಿ ಕೂಗುತ್ತದೆ. ಬ್ಯಾಂಕಿನಲ್ಲಿ ಖಾತೆ ತೆರೆಯಬೇಕಾದರೆ ಅಪ್ಪ ಪಕ್ಕದಲ್ಲಿ ನಿಂತು ರುಜು ಹಾಕಬೇಕು. ಕುಕ್ಕರಿನ ಹತ್ತಿರ ಹೋದರೆ ಕೈ ಸುಟ್ಟುಕೊಳ್ಳುತ್ತೀಯ ಎಂದು ಎಳೆದು ತರುತ್ತಾರೆ. ಅದೇ ಮಗು ದೊಡ್ಡ ದೊಡ್ಡ ಕಂಪನಿಗಳ ಸರ್ವರುಗಳನ್ನು ನೋಡಿಕೊಳ್ಳಲು ಅರ್ಹಳು ಎಂದು ಸರ್ಟಿಫಿಕೇಟು ಕೊಡುತ್ತಾರಂತೆ, ಅದಕ್ಕೆ ಅಪ್ಪ ಅಮ್ಮನ ಒಪ್ಪಿಗೆ ಇದ್ದರೆ ಸಾಕಂತೆ! ಕೆಲಸ ಕೊಡುತ್ತಾರೆಯೇ ಎಂದರೆ ಕೊಡುವುದಿಲ್ಲ, ಕೊಟ್ಟರೆ ಪೊಲೀಸರು ಬರುತ್ತಾರೆ. ಹಾಗಾದರೆ ಇದೆಲ್ಲ ಯಾತಕ್ಕೆ? ಸವಿತಾಳನ್ನು ಕೇಳಿದೆ. "ಮುಂದಕ್ಕೆ ಅನುಕೂಲ ಆಗ್ಲಿ ಅಂತ ಟೀಚರಮ್ಮ" ಅಂದಳು. ಮುಂದಕ್ಕೆ ಅನುಕೂಲವಾಗಲಿ ಎಂದು ಹತ್ತನೇ ವಯಸ್ಸಿಗೇ ಕನ್ನಡಕ ಹಾಕಿಸಿಟ್ಟಿರುತ್ತಾರೆಯೇ?

ಈ ವರ್ಷ ಕ್ಲೌಡು. ಮೋಡ ಅಂದರೆ ಮಳೆ ಬರುತ್ತದಾ ಎಂಬ ತಮಾಷೆಯನ್ನು ನಮ್ಮ ಬೀದಿಯಲ್ಲಿ ಪ್ರತಿಯೊಬ್ಬರೂ ಒಂದೊಂದು ಸಲ ಮಾಡಿ ಮುಗಿಸಿದ್ದಾರೆ, ನಾನು ಮಾಡುವುದಿಲ್ಲ. ಈ ಪರೀಕ್ಷೆಯನ್ನು ಮನೆಯಲ್ಲೇ ಕೂತು ಲ್ಯಾಪ್‌ಟಾಪಿನಲ್ಲಿ ಬರೆಯಬಹುದು. ಎಲ್ಲೋ ದೂರದಲ್ಲಿ ಒಬ್ಬ ಮೇಲ್ವಿಚಾರಕ ಕ್ಯಾಮೆರಾದೊಳಗಿಂದ ನೋಡುತ್ತ, ಕೇಳುತ್ತ ಇರುತ್ತಾನೆ. ಕೋಣೆಯಲ್ಲಿ ಇನ್ನೊಂದು ಪ್ರಾಣಿ ಇರಕೂಡದು, ಗೋಡೆ ಬೋಳಾಗಿರಬೇಕು, ಸದ್ದಿರಬಾರದು. ಕಿರಣ್ ಈ ಷರತ್ತುಗಳನ್ನು ಓದಿ ಹೇಳಿದಾಗ ನಾಗರಾಜ ತಲೆಯ ಮೇಲೆ ಕೈಹೊತ್ತು ಕೂತ. ಯಾಕೆಂದರೆ ನಮ್ಮದು ದೊಡ್ಡಬಳ್ಳಾಪುರದ ನೇಕಾರರ ಬೀದಿ.

ನಮ್ಮ ಬೀದಿಯನ್ನು ಕೇಳದವರಿಗೆ ಸ್ವಲ್ಪ ಹೇಳಬೇಕು. ನೋಡುವುದಕ್ಕೆ ಏನೂ ಇಲ್ಲ, ಕೇಳುವುದಕ್ಕೇ ಇರುವುದು. ಮನೆಗೆ ಎರಡೋ ನಾಲ್ಕೋ ಕರೆಂಟಿನ ಮಗ್ಗ. ಬೆಳಿಗ್ಗೆ ಶುರುವಾದರೆ ತಟ್ಟೆಯಲ್ಲಿಟ್ಟ ಲೋಟ ತಾನಾಗಿಯೇ ನಡೆಯುತ್ತದೆ. ಈ ಸದ್ದಿನಲ್ಲಿ ಹುಟ್ಟಿ ಬೆಳೆದ ನಮಗೆ ಮೆಲ್ಲಗೆ ಮಾತಾಡುವ ವಿದ್ಯೆಯೇ ಬಂದಿಲ್ಲ. ಬೆಂಗಳೂರಿನ ರೈಲಿನಲ್ಲಿ ನಮ್ಮ ಬೀದಿಯ ಹೆಂಗಸರಿಬ್ಬರು ಒಂದು ಸಂಬಂಧದ ವಿಷಯವನ್ನು ಗುಟ್ಟಾಗಿ ಮಾತಾಡಿಕೊಂಡರೆ ಯಲಹಂಕ ಬರುವಷ್ಟರಲ್ಲಿ ಬೋಗಿಯವರೆಲ್ಲ ಹುಡುಗನ ಬಗ್ಗೆ ಅಭಿಪ್ರಾಯ ಕೊಡುತ್ತಿರುತ್ತಾರೆ. ಇನ್ನು ನಾನು. ಮಗ್ಗದ ಮನೆಯಲ್ಲಿ ಹುಟ್ಟಿ, ಮಗ್ಗದ ಮನೆಗೆ ಸೊಸೆಯಾಗಿ, ಅದರ ಮೇಲೆ ಟೀಚರೂ ಆದವಳು. ಮೊದಲೇ ಕೋತಿ, ಅದಕ್ಕೆ ಹೆಂಡ ಕುಡಿಸಿದ ಹಾಗೆ. ಸಾಲದ್ದಕ್ಕೆ ಉಕ್ತಲೇಖನ ಬರೆಸಿ ಬರೆಸಿ ನನಗೊಂದು ಚಾಳಿ ಅಂಟಿಕೊಂಡಿದೆ. ಮುಖ್ಯವಾದ ಮಾತನ್ನೆಲ್ಲ ನಿಧಾನವಾಗಿ ಎರಡು ಸಲ ಹೇಳುತ್ತೇನೆ, ನಡುವೆ ಮಕ್ಕಳು ಬರೆದುಕೊಳ್ಳಲಿ ಎಂದು ಒಂದಿಷ್ಟು ಬಿಡುವು ಕೊಡುತ್ತೇನೆ. ನಮ್ಮ ಯಜಮಾನರಿಗೆ ಮೊಸರು ತನ್ನಿ ಅನ್ನುವುದನ್ನೂ ಹಾಗೆಯೇ ಹೇಳುವುದು. ಅವರಿಗೆ ಮಗ್ಗದ ಸದ್ದಿಗೆ ಕಿವಿ ಅರ್ಧ ಹೋಗಿದೆ. ಉಳಿದರ್ಧ ಹೋದದ್ದು ಯಾವುದರಿಂದ ಎಂದು ಅವರು ನೆಂಟರ ಮುಂದೆ ಹೇಳುವುದುಂಟು.

ಅವರ ಮೊಣಕಾಲು ಸೋತ ಮೇಲೆ ನಾವು ಮಗ್ಗಗಳನ್ನು ಕೊಟ್ಟುಬಿಟ್ಟೆವು. ಖಾಲಿಯಾದ ಮಗ್ಗದ ಕೋಣೆಯನ್ನು ನಾನು ನನ್ನದಾಗಿ ಮಾಡಿಕೊಂಡೆ. ಒಂದು ಮಂಚ, ರೇಡಿಯೋ, ಪುಸ್ತಕಗಳು, ಮಧ್ಯಾಹ್ನದ ನಿದ್ದೆ. ಬೀದಿಯಲ್ಲಿ ಮಗ್ಗವಿಲ್ಲದ ಮನೆ ಇದೊಂದೇ. ಹಾಗಾಗಿ ಒಂದು ಸಂಜೆ ನಾಗರಾಜ, ಸವಿತಾ, ಕಿರಣ್ ಮೂವರೂ ಬಾಳೆಹಣ್ಣು ಹಿಡಿದು ಬಂದರು. ನನಗೆ ಆಗಲೇ ಅನುಮಾನ ಬಂತು. ನಮ್ಮಲ್ಲಿ ಬರಿಗೈಯಲ್ಲಿ ಬರುವವರು ಹರಟೆಗೆ ಬರುತ್ತಾರೆ, ಹಣ್ಣು ತರುವವರು ಏನನ್ನೋ ಕೇಳಲು ಬರುತ್ತಾರೆ.

"ಒಂದ್ ಎರಡ್ ಗಂಟೆ ಟೀಚರಮ್ಮ, ಅಷ್ಟೇ. ನಿಮ್ ರೂಮು ಬಿಟ್ರೆ ನಮಗೆ ಗತಿಯಿಲ್ಲ" ಅಂದ ನಾಗರಾಜ.

"ಬಿಡೋದೇ ಇಲ್ಲ. ಆ ಮಗೂನ ಆಡೋಕ್ ಬಿಡ್ರೋ ಮೊದ್ಲು" ಎಂದು ನಾನು ಎರಡೆರಡು ಸಲ ಹೇಳಿ ಕಳಿಸಿದೆ. ಹಣ್ಣನ್ನೂ ವಾಪಸ್ಸು ಕೊಟ್ಟೆ. ನಮ್ಮ ಯಜಮಾನರು ಅದರಲ್ಲಿ ಎರಡನ್ನು ಅಷ್ಟರಲ್ಲೇ ತಿಂದಿದ್ದರು.

ಮರುದಿನ ಪ್ರಣತಿ ಒಬ್ಬಳೇ ಬಂದಳು. ಬಾಗಿಲ ಚೌಕಟ್ಟಿಗೆ ಒರಗಿ ನಿಂತು, "ಟೀಚರಜ್ಜಿ, ರೂಮ್ ಕೊಡಿ ಅಜ್ಜಿ" ಅಂದಳು.

"ನಿಂಗ್ಯಾಕೇ ಈ ಕ್ಲೌಡು ಗಿಲೌಡು?"

"ಇದೊಂದ್ ಪಾಸಾದ್ರೆ ರಜಾ ಪೂರ್ತಿ ಸೆಂಟರ್‌ಗೆ ಹೋಗ್ಬೇಕಾಗಿಲ್ವಂತೆ. ಅಮ್ಮ ದೇವ್ರಾಣೆ ಮಾಡಿ ಹೇಳಿದಾಳೆ. ರಾಜಘಟ್ಟದಲ್ಲಿ ಅತ್ತೆ ಮನೆ ಇದೆಯಲ್ಲ, ಅಲ್ಲಿಗೆ ಕಳಿಸ್ತಾಳಂತೆ. ಅಲ್ಲಿ ಎಲ್ಲಾರ್ಗೂ ಸೈಕಲ್ ಬರುತ್ತೆ ಅಜ್ಜಿ. ನನ್ಗೊಬ್ಳಿಗೇ ಬರಲ್ಲ. ಪುಟ್ಟಿ ನನ್ಗಿಂತ ಚಿಕ್ಕೋಳು, ಅವಳೂ ಹೊಡೀತಾಳೆ." ಚೌಕಟ್ಟನ್ನು ಉಗುರಿನಿಂದ ಕೆರೆಯುತ್ತ, "ಫೇಲಾದ್ರೆ ರಜದಲ್ಲೂ ಬೆಳಿಗ್ಗೆ ಸಂಜೆ ಎರಡೊತ್ತೂ ಸೆಂಟರು" ಎಂದಳು.

ಎರಡು ಸರ್ಟಿಫಿಕೇಟಿನ ಹುಡುಗಿಗೆ ಸೈಕಲ್ ಬರುವುದಿಲ್ಲ! ಸೈಕಲ್ ಕಲಿಯುವುದಕ್ಕೆ ಇವಳು ಮೊದಲು ಕಂಪನಿಗಳ ಸರ್ವರುಗಳನ್ನು ಕಾಯಬೇಕು! ರೂಮು ಕೊಟ್ಟೆ. ಅಷ್ಟೇ ಅಲ್ಲ, ಪಾಸು ಮಾಡಿಸುವ ಹಟಕ್ಕೂ ಬಿದ್ದೆ. ದಿನಾ ಶಾಲೆ ಬಿಟ್ಟ ಮೇಲೆ ಅವಳು ಬಂದು ಮಂಚದ ಮೇಲೆ ಕಾಲು ಮಡಿಸಿ ಕೂರುವುದು, ನಾನು ಕಿರಣ್ ಕೊಟ್ಟ ಪ್ರಶ್ನೆಗಳನ್ನು ಓದಿ ಕೇಳುವುದು. ನನಗೆ ಒಂದಕ್ಷರವೂ ಅರ್ಥವಾಗುತ್ತಿರಲಿಲ್ಲ. ಆದರೆ ಅರ್ಥವಾಗದ್ದನ್ನು ಕೇಳುವುದು ಟೀಚರಿಗೆ ಹೊಸದೇನಲ್ಲ. ಉತ್ತರ ಹೇಳಿದ ಮೇಲೆ ಅವಳು, "ಅಂದ್ರೆ ಏನ್ ಗೊತ್ತಾ ಅಜ್ಜಿ?" ಎಂದು ನನಗೆ ಪಾಠ ಮಾಡುತ್ತಿದ್ದಳು. ಹಾಗೆ ಕಿವಿಗೆ ಬಿದ್ದು ಒಂದು ವಿಷಯ ನನಗೆ ಗಟ್ಟಿಯಾಯಿತು. ಲೋಡ್ ಬ್ಯಾಲೆನ್ಸರ್. ಬರುವ ಕೆಲಸವನ್ನೆಲ್ಲ ಒಬ್ಬರ ತಲೆಗೇ ಕಟ್ಟದೆ ಹಲವರಿಗೆ ಸಮನಾಗಿ ಹಂಚಿಕೊಡುವ ವ್ಯವಸ್ಥೆ. ಮದುವೆಯಾದ ಹೊಸತರಲ್ಲಿ ನಮ್ಮ ಅತ್ತೆಯವರಿಗೆ ಇದನ್ನು ಯಾರಾದರೂ ಹೇಳಿಕೊಟ್ಟಿದ್ದರೆ ನನ್ನ ಬಾಳು ಬೇರೆ ಥರ ಇರುತ್ತಿತ್ತು.

ಪರೀಕ್ಷೆ ಒಂದು ಭಾನುವಾರ. ಬೆಳಿಗ್ಗೆಯೇ ಕಿರಣ್ ಬಂದು ನನ್ನ ಕೋಣೆಯನ್ನು ಜಪ್ತಿ ಮಾಡಿದ. ಪುಸ್ತಕಗಳು ಅಡಿಗೆಮನೆಗೆ, ರೇಡಿಯೋ ಬಚ್ಚಲಿಗೆ. ಕ್ಯಾಲೆಂಡರ್ ಹೋಯಿತು, ದೇವರ ಪಟಗಳು ಹೋದವು. ಗೋಡೆಯ ಮೇಲೆ ಹಾರ ಹಾಕಿದ್ದ ನಮ್ಮ ಅತ್ತೆಯವರ ಫೋಟೋ ನೋಡಿ, "ಮೇಡಂ, ಇವ್ರೂ ಇರಂಗಿಲ್ಲ" ಅಂದ. ಬದುಕಿದ್ದಷ್ಟು ಕಾಲ ಆಕೆಯನ್ನು ಒಂದು ಕೋಣೆಯಿಂದ ಹೊರಗೆ ಕಳಿಸಲು ಯಾರಿಗೂ ಆಗಿರಲಿಲ್ಲ. ಕೊನೆಗೆ, "ಮೇಡಂ, ನೀವು..." ಎಂದು ತಲೆ ಕೆರೆದುಕೊಂಡ. ಅತ್ತೆಯವರನ್ನು ಕಂಕುಳಲ್ಲಿಟ್ಟುಕೊಂಡು ನಾನೂ ಹೊರಟೆ.

ಅಕ್ಕಪಕ್ಕದ ಮಗ್ಗದ ಸದ್ದು ಗೋಡೆ ದಾಟಿ ಬರುವುದಲ್ಲ, ಅದಕ್ಕೆ ನಾಗರಾಜ ಮನೆಮನೆಗೂ ಹೋಗಿ ಕೇಳಿಕೊಂಡಿದ್ದ. ಬೀದಿಯವರು ಒಬ್ಬರೂ ಇಲ್ಲ ಅನ್ನಲಿಲ್ಲ. ಮಗ್ಗ ನಿಂತರೆ ಸೀರೆ ನಿಂತಂತೆ, ಆದರೂ "ನಮ್ ಹುಡ್ಗಿ ಪರೀಕ್ಷೆ ಕಣಪ್ಪಾ, ನಿಲ್ಸಾಣ ಬಿಡು" ಅಂದರು. ಹೇಳಿದ ಹೊತ್ತಿಗೆ ಸರಿಯಾಗಿ ಒಂದೊಂದೇ ಮಗ್ಗ ನಿಂತಿತು. ಬೀದಿ ಗಪ್‌ಚಿಪ್ಪಾಯಿತು. ತೆಂಗಿನ ಗರಿ ಅಲ್ಲಾಡುವುದು ಕೇಳಿಸಿತು. ನನಗೆ ಕಣ್ಣು ತುಂಬಿ ಬಂತು, ನಿಜ ಹೇಳುತ್ತೇನೆ.

ಆದರೆ ನಾವು ಯಾರೂ ಯೋಚಿಸದ ವಿಷಯ ಒಂದಿತ್ತು. ನಮ್ಮ ಬೀದಿಯಲ್ಲಿ ಮಗ್ಗ ನಿಲ್ಲುವುದು ಕರೆಂಟು ಹೋದಾಗ. ಕರೆಂಟು ಹೋದರೆ ನಾವು ಮಾಡುವುದು ಒಂದೇ ಕೆಲಸ, ಹೊರಗೆ ಬಂದು ಜಗಲಿಯ ಮೇಲೆ ಕೂತು ಮಾತಾಡುವುದು. ಅಜ್ಜನ ಕಾಲದಿಂದ ಬಂದ ಪದ್ಧತಿ. ಇವತ್ತು ಕರೆಂಟು ಹೋಗಿಲ್ಲ ಎಂದು ಎಲ್ಲರ ತಲೆಗೂ ಗೊತ್ತು, ಕಾಲಿಗೆ ಗೊತ್ತಿಲ್ಲ. ಸದ್ದು ನಿಂತ ಕೂಡಲೇ ಎಲ್ಲ ಬಾಗಿಲುಗಳೂ ತೆರೆದವು. ಒಬ್ಬಳು ಅವರೆಕಾಯಿ ಮೊರ ಹಿಡಿದು ಬಂದಳು, ಒಬ್ಬ ಬೀಡಿ ಕಚ್ಚಿಕೊಂಡು ಬಂದ. ಪರೀಕ್ಷೆ ನಡೆಯುವ ಮನೆ ಎಂಬ ಅಭಿಮಾನದಿಂದ ಎಲ್ಲರೂ ನಮ್ಮ ಜಗಲಿಗೇ ಬಂದರು.

ಮೊದಮೊದಲು ಪಿಸುಮಾತೇ. ನಮ್ಮ ಬೀದಿಯ ಪಿಸುಮಾತು ಎಂದರೆ ಬೇರೆ ಊರಲ್ಲಿ ಬಸ್ ಕಂಡಕ್ಟರ್ ಕೂಗುವಷ್ಟು. ನಾನು ತುಟಿಯ ಮೇಲೆ ಬೆರಳಿಟ್ಟು ಎಲ್ಲರನ್ನೂ ಗದರಿಸುತ್ತಿದ್ದೆ. ಆಗ ಪಕ್ಕದ ಮನೆಯ ಗೌರಕ್ಕ ಅವರೆಕಾಯಿ ಸುಲಿಯುತ್ತ, "ನಮ್ ಯಶ್ವಂತನ್ನೂ ಸೆಂಟರ್‌ಗೆ ಸೇರಿಸ್ಬಿಡಾಣ ಅಂತಿದೀವಿ ಟೀಚರಮ್ಮ. ಆರು ತುಂಬ್ತು ಅವನ್ಗೂ. ಇನ್ನೂ ಲೇಟ್ ಮಾಡಿದ್ರೆ ಹಿಂದೆ ಬಿದ್ಬಿಡ್ತಾನೆ" ಅಂದಳು.

ಆರು! ಹಿಂದೆ! ಇಷ್ಟು ದಿನದಿಂದ ಒಳಗೇ ಕುದಿಯುತ್ತಿದ್ದದ್ದು ಉಕ್ಕಿತು. ನಾನು ಎದ್ದು ನಿಂತೆ ಎಂದು ಆಮೇಲೆ ಹೇಳಿದರು, ನನಗೆ ನೆನಪಿಲ್ಲ.

"ಹಿಂದೆ ಬೀಳೋಕೆ ಅದೇನ್ ಓಟದ್ ಕುದುರೆನಾ? ಮಗು ಆಡ್ಬೇಕು." ಬಿಡುವು. "ಮಗು ಆಡ್ಬೇಕು. ಬಿದ್ದು ಮಂಡಿ ತರ್ಚ್ಕೋಬೇಕು." ಬಿಡುವು. "ಬಿದ್ದು ಮಂಡಿ ತರ್ಚ್ಕೋಬೇಕು. ಅದರ್ ರಜಾ ಅದಕ್ಕೇ ಸೇರ್ಬೇಕು, ಸರ್ಟಿಫಿಕೇಟ್‌ಗಲ್ಲ. ಅದರ್ ರಜಾ ಅದಕ್ಕೇ ಸೇರ್ಬೇಕು..."

ಮಾತು ಚೆನ್ನಾಗಿ ಬಂತು. ಬೀಡಿಯವನು, "ಕರೆಕ್ಟಾಗ್ ಹೇಳಿದ್ರಿ ಟೀಚರಮ್ಮ" ಅಂದ. ಸವಿತಾಳೂ ತಲೆತಗ್ಗಿಸಿದಳು. ಅದನ್ನು ಕಂಡು ನನಗೆ ಇನ್ನೂ ಹುರುಪು ಬಂತು. ಹೀಗೆ ಮಕ್ಕಳ ರಜೆಯ ಪರವಾಗಿ ನಾನು ಇನ್ನೂ ಎಷ್ಟು ಹೊತ್ತು ಹೋರಾಡುತ್ತಿದ್ದೆನೋ, ಅಷ್ಟರಲ್ಲಿ ನನ್ನ ಹಿಂದಿನ ಬಾಗಿಲು ತೆರೆಯಿತು. ಪ್ರಣತಿ ನಿಂತಿದ್ದಳು. ಮೂಗು ಕೆಂಪಗಾಗಿತ್ತು.

"ಪರೀಕ್ಷೆ ನಿಲ್ಲಿಸ್ಬಿಟ್ರು ಅಜ್ಜಿ. ಯಾರೋ ಹೊರಗಿಂದ ಉತ್ತರ ಹೇಳ್ಕೊಡ್ತಿದಾರೆ ಅಂತ ಬಂತು."

ಗೌರಕ್ಕ ಮೊರ ಎತ್ತಿಕೊಂಡು ಮೆಲ್ಲಗೆ ಎದ್ದಳು. ಬೀಡಿಯವನು ಗೋಡೆ ಹಿಡಿದು ಜಾರಿಕೊಂಡ. ಆಮೇಲೆ ಒಂದು ಮಗ್ಗ ಶುರುವಾಯಿತು, ಇನ್ನೊಂದು, ಮತ್ತೊಂದು. ನಾಚಿಕೆಯಾದರೆ ನಮ್ಮ ಬೀದಿಯವರು ಮಗ್ಗ ಹಾಕಿಬಿಡುತ್ತಾರೆ. ನನಗೆ ಹಾಕಲು ಮಗ್ಗವೂ ಇರಲಿಲ್ಲ.

ಆದದ್ದಿಷ್ಟು. ಸದ್ದಿನಲ್ಲೇ ಬೆಳೆದ ಹುಡುಗಿ ಆ ನಿಶ್ಶಬ್ದದಲ್ಲಿ ಏನೂ ತೋಚದೆ ಸುಮ್ಮನೆ ಕೂತಿದ್ದಳಂತೆ. "ನಿಮ್ ದನಿ ಕೇಳಿದ್ಮೇಲೆ ಪಟಪಟ ಅಂತ ಉತ್ತರ ಬರೋಕ್ ಶುರುವಾಯ್ತು ಅಜ್ಜಿ" ಅಂದಳು. ಪಾಪ, ನನಗೆ ಸಮಾಧಾನವಾಗಲಿ ಎಂದೇ ಹೇಳಿದ್ದು. ಆದರೆ ಕನ್ನಡ ಬಾರದ ಆ ಮೇಲ್ವಿಚಾರಕನಿಗೆ ಕಂಡದ್ದೇನು? ಅಷ್ಟು ಹೊತ್ತು ಪೆಚ್ಚಾಗಿ ಕೂತಿದ್ದ ಹುಡುಗಿ. ಹೊರಗೆ ಒಬ್ಬ ಟೀಚರಿನ ಗಂಟಲು, ಪ್ರತಿ ವಾಕ್ಯವನ್ನೂ ನಿಧಾನವಾಗಿ ಎರಡು ಸಲ ಹೇಳುತ್ತಿದೆ. ನಡುವೆ ಬಿಡುವು. ಬಿಡುವಿನಲ್ಲಿ ಹುಡುಗಿ ಟಕ್ ಎಂದು ಒತ್ತುತ್ತಿದ್ದಾಳೆ. ಅವನ ಜಾಗದಲ್ಲಿ ನಾನಿದ್ದಿದ್ದರೆ ನಾನೂ ಪರೀಕ್ಷೆ ನಿಲ್ಲಿಸಿ, ಕಿವಿಯನ್ನೂ ಹಿಂಡುತ್ತಿದ್ದೆ.

ನಕಲು ಎಂದು ಖಾಯಂ ಆದರೆ ಸದ್ಯಕ್ಕೆ ಮತ್ತೆ ಪರೀಕ್ಷೆಗೆ ಕೂರುವಂತಿಲ್ಲ, ಮಗುವಿನ ಹೆಸರಿನ ಮುಂದೆ ಕಪ್ಪು ಚುಕ್ಕೆ ಎಂದು ಕಿರಣ್ ಹೇಳಿದ. ಪಾಸಿಲ್ಲದೆ ರಾಜಘಟ್ಟವಿಲ್ಲ ಎಂದು ಸವಿತಾ ಮೊದಲೇ ಹೇಳಿದ್ದಳು. ಶಾಲೆಗೆ ರಜೆ ಕೊಡುವ ದಿನ ಹತ್ತಿರ ಬರುತ್ತಿತ್ತು. ನನಗೆ ಎರಡು ರಾತ್ರಿ ನಿದ್ದೆ ಬರಲಿಲ್ಲ. ನಾನು ಬಡಿದಾಡಿದ್ದು ಅವಳ ರಜೆಗಾಗಿ, ಕಿತ್ತುಕೊಂಡದ್ದೂ ಅದನ್ನೇ. ಕೊನೆಗೆ ಕಿರಣ್ ಪರೀಕ್ಷೆಯವರಿಗೆ ಬರೆದು ಬರೆದು ಒಂದು ದಾರಿ ಹುಡುಕಿದ. ಹೊರಗಿನಿಂದ ಮಾತಾಡಿದವರು ಯಾರು ಎಂದು ವಿಡಿಯೋ ಕಾಲಿನಲ್ಲಿ ಅವರೇ ವಿಚಾರಿಸುತ್ತಾರಂತೆ.

"ನೀವೇನೂ ಮಾಡೋದ್ ಬೇಡ ಮೇಡಂ. ನಿಮಗೇನೂ ಗೊತ್ತಿಲ್ಲ ಅಂತ ಅವ್ರಿಗೆ ಗೊತ್ತಾದ್ರೆ ಸಾಕು" ಅಂದ ಕಿರಣ್.

"ಏನೂ ಅಂದ್ರೆ?"

"ಅಂದ್ರೆ... ಈ ಸಬ್ಜೆಕ್ಟಲ್ಲಿ ಮೇಡಂ."

ಒಂದು ಜೀವಮಾನ ಇನ್ನೊಬ್ಬರಿಗೆ ಏನೂ ಗೊತ್ತಿಲ್ಲ ಎಂದು ಸಾಬೀತು ಮಾಡಿ ಸಂಬಳ ತೆಗೆದುಕೊಂಡವಳು ನಾನು. ಈಗ ನನಗೇ ಏನೂ ಗೊತ್ತಿಲ್ಲ ಎಂದು ನಾನೇ ಸಾಬೀತು ಮಾಡಬೇಕು! ಅದೂ ಸುಳ್ಳು. ನನಗೆ ಲೋಡ್ ಬ್ಯಾಲೆನ್ಸರ್ ಗೊತ್ತಿತ್ತು. ಅವರು ಅದನ್ನೇ ಕೇಳಿಬಿಟ್ಟರೆ ನಾಲಿಗೆ ತಡೆಯುವುದು ಹೇಗೆ? ಮೂವತ್ತು ಮಕ್ಕಳು ಕೈಯೆತ್ತುವುದನ್ನು ನೋಡಿಕೊಂಡು ಬದುಕಿದವರಿಗೆ ಗೊತ್ತಿರುವ ಉತ್ತರವನ್ನು ನುಂಗುವ ಕಷ್ಟ ಎಂಥದ್ದೆಂದು ಹೇಳಬೇಕಾಗಿಲ್ಲ. ಪ್ರಣತಿಗೆ ಇದು ಗೊತ್ತಾಗಿತ್ತು. ವಿಡಿಯೋ ಕಾಲಿಗೆ ಸ್ವಲ್ಪ ಮುಂಚೆ ನನ್ನ ಸೆರಗು ಹಿಡಿದು ಪಕ್ಕಕ್ಕೆ ಎಳೆದಳು.

"ಅಜ್ಜಿ, ದಮ್ಮಯ್ಯ, ಗೊತ್ತಿರೋದನ್ನ ಹೇಳ್ಬೇಡಿ."

"ಇಲ್ಲ ಕಣೇ."

"ಲೋಡ್ ಬ್ಯಾಲೆನ್ಸರ್ ಕೇಳಿದ್ರೂ?"

"ಕೇಳಿದ್ರೂ" ಎಂದೆ.

ನಾನು ಒಳ್ಳೆಯ ಸೀರೆ ಉಟ್ಟು, ಕನ್ನಡಕ ಒರೆಸಿ ಕೂತೆ. ತೆರೆಯ ಮೇಲೆ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡ ಒಬ್ಬ ಹೆಣ್ಣುಮಗಳು ಬಂದಳು, ನನ್ನ ಕೊನೆಯ ಬ್ಯಾಚಿನ ಹುಡುಗಿಯರ ವಯಸ್ಸು. ಇಂಗ್ಲಿಷಿನಲ್ಲಿ ಬಹಳ ಮರ್ಯಾದೆಯಿಂದ, ಆ ದಿನ ಮಾತಾಡಿದ್ದು ನೀವೇನಾ ಎಂದಳು. ನಾನೇ ಎಂದೆ. ದನಿ ಕೇಳಿ ಆಕೆ ಹೆಡ್‌ಫೋನನ್ನು ಸ್ವಲ್ಪ ಸಡಿಲ ಮಾಡಿಕೊಂಡಳು. ನಿಮಗೆ ಕ್ಲೌಡ್ ಕಂಪ್ಯೂಟಿಂಗ್ ಗೊತ್ತಾ ಎಂದು ಕೇಳಿದಳು. ಗಂಟಲಲ್ಲಿ ಲ ಕಾರ ಬಂದು ನಿಂತಿತ್ತು. ಪ್ರಣತಿಯ ಮುಖ ನೋಡಿದೆ, ನುಂಗಿದೆ. ನೋ, ನನಗೆ ಏನೂ ಗೊತ್ತಿಲ್ಲ ಎಂದೆ. ಇನ್ನೊಂದು ಸಲ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಆಕೆ ನನ್ನನ್ನೊಮ್ಮೆ ನೋಡಿ ನಕ್ಕು, ಥ್ಯಾಂಕ್ಯೂ ಅಮ್ಮಾ, ಇಷ್ಟು ಸಾಕು, ನಮಗೆ ಮನವರಿಕೆಯಾಯಿತು ಎಂದಳು.

ಇಷ್ಟು ಸಾಕು! ಒಂದು ಮರುಪ್ರಶ್ನೆ ಇಲ್ಲ, ಒಂದು ಪರಿಶೀಲನೆ ಇಲ್ಲ! ಹತ್ತು ವರ್ಷದ ಮಗುವಿಗೆ ಗೊತ್ತಿದೆ ಎಂದು ನಂಬಲು ಎರಡು ಗಂಟೆಯ ಪರೀಕ್ಷೆ ಬೇಕು, ಬೋಳು ಗೋಡೆ ಬೇಕು, ಕ್ಯಾಮೆರಾ ಬೇಕು. ನನಗೆ ಗೊತ್ತಿಲ್ಲ ಎಂದು ನಂಬಲು ನನ್ನ ಮುಖ ಸಾಕಂತೆ. ಎಲ್ಲರೂ ಚಪ್ಪಾಳೆ ತಟ್ಟಿದರು, ಪ್ರಣತಿ ನನ್ನ ಕುತ್ತಿಗೆಗೆ ಜೋತುಬಿದ್ದಳು. ಖುಷಿಯಾಯಿತು, ಇಲ್ಲ ಅನ್ನುವುದಿಲ್ಲ. ಆದರೆ ಆ ಹೆಣ್ಣುಮಗಳ ಮೇಲಿನ ಸಿಟ್ಟು ಇಳಿಯಲಿಲ್ಲ.

ಮತ್ತೆ ಪರೀಕ್ಷೆಗೆ ಕೂರಲು ಒಪ್ಪಿಗೆ ಸಿಕ್ಕಿತು. ಜೊತೆಗೆ ಇನ್ನೊಂದು ವಿಷಯವೂ ಬಯಲಾಯಿತು. ಯಂತ್ರದ ಸದ್ದಿದ್ದರೆ ಅಡ್ಡಿಯಿಲ್ಲವಂತೆ, ಮನುಷ್ಯರ ದನಿ ಮಾತ್ರ ಕೇಳಬಾರದಂತೆ. ಇದನ್ನು ಮೊದಲೇ ಕೇಳಿ ತಿಳಿದುಕೊಳ್ಳದ ಕಿರಣ್‌ಗೆ ನಾನು ಮಾಡಿದ ಮಂಗಳಾರತಿ ಬೀದಿ ತುಂಬ ಕೇಳಿಸಿತು. ಹಾಗಾಗಿ ಈ ಸಲ ಎಲ್ಲರೂ ಮಗ್ಗ ಹಾಕಿಕೊಂಡು ಒಳಗೇ ಇರುವುದು, ಪ್ರಣತಿ ತನ್ನ ಮನೆಯಲ್ಲೇ ಅಭ್ಯಾಸದ ಸದ್ದಿನಲ್ಲಿ ಬರೆಯುವುದು ಎಂದಾಯಿತು. ನನ್ನ ಪಾಡಿಗೆ ನಾನು ಕೋಣೆಯಲ್ಲಿ ಮಲಗಬಹುದಲ್ಲ ಎಂದುಕೊಂಡೆ. ಪರೀಕ್ಷೆಯ ಹಿಂದಿನ ದಿನ ಸವಿತಾ ಬಂದಳು. ಕೈಯಲ್ಲಿ ಬಾಳೆಹಣ್ಣು.

"ಟೀಚರಮ್ಮ, ನಾಳೆ ನೀವು ಘಾಟಿಗೆ ಹೋಗಿ ಮಗು ಹೆಸ್ರಲ್ಲಿ ಒಂದ್ ಪೂಜೆ ಮಾಡಿಸ್ಕೊಂಡ್ ಬಂದ್ಬಿಡಿ. ನಿಮ್ ಬಾಯಲ್ಲಿ ಕೇಳ್ಕೊಂಡ್ರೆ ಸುಬ್ರಹ್ಮಣ್ಯ ಸ್ವಾಮಿ ಇಲ್ಲ ಅನ್ನಲ್ಲ."

ನನ್ನ ಬಾಯಿ ಇಷ್ಟು ಮಗ್ಗಗಳಿಗಿಂತ ಜೋರು ಎಂದು ಇದರರ್ಥ. ಮಗುವಿನ ಮುಖ ನೆನೆದು ಒಪ್ಪಿಕೊಂಡೆ. ಭಾನುವಾರ ಬೆಳಿಗ್ಗೆ ಘಾಟಿಯ ಬಸ್ಸು ಹತ್ತುವವರೆಗೂ ನಾಗರಾಜ ಜೊತೆಗೆ ಬಂದು ನಿಂತಿದ್ದ. ನಾನು ಎಲ್ಲಿ ಇಳಿದುಬಿಡುತ್ತೇನೋ ಎಂದು ಬಸ್ಸು ತಿರುವು ದಾಟುವ ತನಕ ಕೈಬೀಸುತ್ತಿದ್ದ.

ಘಾಟಿಯಲ್ಲಿ ಭಾನುವಾರದ ಜನ. ದರ್ಶನದ ಸಾಲು ಹಾವಿನ ಹಾಗೆ ಸುತ್ತಿಕೊಂಡಿತ್ತು. ಇರುವುದೊಂದೇ ಸಾಲು, ಅಷ್ಟೂ ಜನ ಅದರಲ್ಲೇ. ಬಿಸಿಲಿಗೆ ನಿಂತು, ದೇವರೇ, ಮಗು ಪಾಸಾಗಲಿ, ಸೈಕಲ್ ಕಲಿಯಲಿ ಎಂದು ಬೇಡಿಕೊಳ್ಳುತ್ತಿದ್ದಾಗ ಫೋನು ಬಂತು. ಹಿಂದೆ ಮಗ್ಗದ ಸದ್ದು, ಅದರ ಮೇಲೆ ಪ್ರಣತಿಯ ದನಿ. "ಅಜ್ಜೀ, ಪಾಸು! ನಾಳೆ ರಾಜಘಟ್ಟ!"

"ಪಾಸಾ?" ಎಂದು ನಾನು ಕೂಗಿದ್ದಕ್ಕೆ ಸಾಲಿನ ಆ ತುದಿಯವರೂ ತಿರುಗಿ ನೋಡಿದರು. ನನ್ನ ಮುಂದೆ ಹೆಂಡತಿಯೊಂದಿಗೆ ನಿಂತಿದ್ದವರೊಬ್ಬರು, "ಏನ್ ಪಾಸಮ್ಮಾ?" ಎಂದು ಕೇಳಿದರು. ಹೇಳಿದೆ. ಹತ್ತು ವರ್ಷಕ್ಕೇ ಕ್ಲೌಡಾ ಎಂದು ಅವರು ಬೆರಗಾದರು. ಇಲ್ಲಿ ಮಕ್ಕಳ ರಜೆಯ ಬಗ್ಗೆ ನಾಲ್ಕು ಮಾತು ಹೇಳಬೇಕಾದವಳು ನಾನು. ಆದರೆ ನನಗೆ ಬೇರೆಯದೇ ಒಂದು ಯೋಚನೆ ಬಂದಿತ್ತು. ಪಾಸಾಯಿತು, ಇನ್ನು ನನಗೆ ಗೊತ್ತಿರುವುದನ್ನು ಹೇಳಿದರೆ ಯಾರಿಗೂ ನಷ್ಟವಿಲ್ಲ.

"ನೋಡಿ, ಈ ಸಾಲಿನ ತೊಂದ್ರೆ ಏನು ಅಂದ್ರೆ ಇಲ್ಲಿ ಲೋಡ್ ಬ್ಯಾಲೆನ್ಸರ್ ಇಲ್ಲ" ಎಂದೆ. ಬರುವ ಕೆಲಸವನ್ನು ಒಬ್ಬರ ತಲೆಗೇ ಕಟ್ಟದೆ ಹಲವರಿಗೆ ಸಮನಾಗಿ ಹಂಚುವ ವ್ಯವಸ್ಥೆ ಎಂದು ನಿಧಾನವಾಗಿ ಹೇಳಿದೆ. ಬಿಡುವು ಕೊಟ್ಟು ಇನ್ನೊಂದು ಸಲ ಹೇಳಿದೆ. ಒಂದು ಸರ್ವರ್ ಕೆಟ್ಟರೆ ಇನ್ನೊಂದಕ್ಕೆ ಹೇಗೆ ಕಳಿಸುತ್ತದೆ ಎಂಬುದನ್ನೂ ಹೇಳಿದೆ. ಸಾಲಿನ ಆಚೆಯವರೂ ಕಿವಿಗೊಟ್ಟು ಕೇಳಿದರು. ಆ ಮನುಷ್ಯ ಕೊನೆಯವರೆಗೂ ತಲೆದೂಗುತ್ತ ಕೇಳಿ, ಕೈಮುಗಿದು, ಮುಂದಕ್ಕೆ ತಿರುಗಿದರು.

ಆಮೇಲೆ ಹೆಂಡತಿಯ ಕಿವಿಯಲ್ಲಿ ಅವರು ಹೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. "ಪಾಪ, ಆ ಹತ್ತು ವರ್ಷದ್ ಮಗೂನೇ ಹೇಳ್ಕೊಟ್ಟಿರ್ಬೇಕು ಕಣೇ. ಎಷ್ಟ್ ಚೆನ್ನಾಗ್ ಒಪ್ಪಿಸ್ತಾರೆ ನೋಡು."

ಆಕೆ ತಿರುಗಿ ನನ್ನನ್ನು ನೋಡಿ ನಕ್ಕು, ಚೀಲದಿಂದ ಒಂದು ಕಡಲೆಮಿಠಾಯಿ ತೆಗೆದು ನನ್ನ ಕೈಗಿಟ್ಟರು.